ಅತ್ತೆ ನನ್ನ ಕೈ ಎತ್ತಿದ ಸಂಜೆ

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಜೊತೆಗಿದ್ದರೆ ಏನೂ ಆಗದೆ ಮನೆಗೆ ಬಂದ ದಿನವೇ ಇಲ್ಲ. ಒಮ್ಮೆ ಪಕ್ಕದ ಊರು ಮಕ್ತಲ್ ಮುಟ್ಟುವುದರೊಳಗೆ ಬಸ್ಸಿನ ಕಂಡಕ್ಟರನಿಗೆ ಹೆಣ್ಣು ಗೊತ್ತುಮಾಡಿಯೇ ಇಳಿದಾಕೆ. ಆದರೆ ನಾನು ಇವತ್ತಿಗೂ ಎದೆಯುಬ್ಬಿಸಿ ಹೇಳಿಕೊಳ್ಳುವುದು ಗದ್ವಾಲದ ಸಂಗತಿ. ಆಗ ನಾನು ನಮ್ಮೂರು ನಾರಾಯಣಪೇಟೆಯಲ್ಲಿ ಡಿಗ್ರಿ ಎರಡನೇ ವರ್ಷ.

೧. ಹುಟ್ಟಿದಾಗಿಂದ

ಗದ್ವಾಲದ ಕೋಟೆ ಬಯಲಿನಲ್ಲಿ ಸಂಜೆ ಐದಕ್ಕೆ ಗಾಯನ. ಹಾಡುವವರು ಧಾರವಾಡ ಕಡೆಯ ಬಹಳ ದೊಡ್ಡ ಗಾಯಕಿ. ನನ್ನ ಮೊಬೈಲಿನ ತುಂಬ ಅವರ ಹಾಡೇ. ಹುಡುಗಿಯನ್ನು ಒಬ್ಬಳನ್ನೇ ಕಳಿಸಬಾರದೆಂದು ಅತ್ತೆಯೂ ಬಂದಿದ್ದಳು.

ಜನ ತುಂಬಿದರು, ಹಾಡು ಶುರುವಾಗಲಿಲ್ಲ. ತಂಬೂರಿ ಮೀಟುವಾಕೆ ಬರುತ್ತಿದ್ದ ಕಾರು ದಾರಿಯಲ್ಲಿ ಕೆಟ್ಟು ನಿಂತಿತ್ತಂತೆ. ಗಾಯಕಿಯೇ ಮೈಕಿನಲ್ಲಿ ಕೇಳಿದರು: "ತಂಬೂರಿ ಮೀಟಾಕ ಯಾರಿಗರ ಬರ್ತೈತೇನ್ರಿ?"

ನನಗೆ ಬರುತ್ತಿತ್ತು. ಸೋಮವಾರದ ಭಜನೆಯಲ್ಲಿ ತಾತನ ಪಕ್ಕ ಕೂತು ಕಲಿತದ್ದು. ಆದರೆ ಮುಂದೆ ಕೂತವರ ಬೆನ್ನ ಹಿಂದೆ ತಲೆ ತಗ್ಗಿಸಿದೆ. ಅಷ್ಟರಲ್ಲಿ ನನ್ನ ಕೈ ಮೇಲೆದ್ದಿತ್ತು. ಎತ್ತಿದವಳು ಅತ್ತೆ.

"ಬಾರವ್ವ. ಎಷ್ಟು ವರ್ಷ ಆತು ಕಲ್ತು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೂಗಿದಳು: "ಹುಟ್ಟಿದಾಗಿಂದ ರೀ!"

೨. ದುಪಟ್ಟಾ

ಗಾಯಕಿ ತಾವೇ ಶ್ರುತಿ ಮಾಡಿ ತಂಬೂರಿಯನ್ನು ನನ್ನ ತೊಡೆಯ ಮೇಲಿಟ್ಟರು. "ಏನಾದ್ರೂ ಆಗ್ಲಿ, ನಿಲ್ಲಸಬ್ಯಾಡ" ಅಂದರು. ನಡುಬೆರಳು ಒಂದು ತಂತಿಗೆ, ತೋರುಬೆರಳು ಉಳಿದ ಮೂರಕ್ಕೆ. ಅವರು ಷಡ್ಜ ಹಿಡಿದಾಗ ನನ್ನ ಮೈ ಜುಮ್ಮೆಂದಿತು. ಮೊಬೈಲಿನಲ್ಲಿ ಕೇಳಿದ ದನಿ ಈಗ ಒಂದು ಮೊಳ ದೂರದಲ್ಲಿ!

ಹಾಡು ಏರುತ್ತಿದ್ದಾಗ ಬಯಲ ಗಾಳಿ ಬೀಸಿತು. ನನ್ನ ದುಪಟ್ಟಾ ಹಾರಿ ತಬಲಾದವರ ತಲೆಯ ಮೇಲೆ ಕೂತಿತು. ತೆಗೆಯೋಣವೆಂದರೆ ತಂಬೂರಿ ನಿಲ್ಲಬೇಕು. ನಾನು ನಿಲ್ಲಿಸಲಿಲ್ಲ. ಅವರೂ ನಿಲ್ಲಿಸಲಿಲ್ಲ. ಮುಸುಕಿನೊಳಗೇ ತಾಳದ ನಾಲ್ಕು ಆವರ್ತ ಬಾರಿಸಿ, ಸಮ್ಮಿಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಸರಿಯಾಗಿ ಬಂದು ಮುಟ್ಟಿದರು. ಬಯಲೆಲ್ಲ ಚಪ್ಪಾಳೆ.

ಚಪ್ಪಾಳೆ ತಬಲಾದವರಿಗೆ. ಎದ್ದು ನಿಂತು ನಾಲ್ಕೂ ದಿಕ್ಕಿಗೆ ಕೈ ಮುಗಿದವಳು ಮಾತ್ರ ನಮ್ಮ ಅತ್ತೆ.

೩. ಶಿಫಾರಸು

ಗಾಯನ ಮುಗಿದ ಮೇಲೆ ಗಾಯಕಿ ನನ್ನ ಬೆರಳು ಹಿಡಿದು ನೋಡಿದರು. ತುದಿ ಕೆಂಪಾಗಿತ್ತು. "ಹುಡಿಗಿ ಕೈ ಒಂದ್ ಸಲಾನೂ ತಪ್ಪಲಿಲ್ಲ ನೋಡ್ರಿ. ಸಂಗೀತ ಬಿಡಸಬ್ಯಾಡ್ರಿ" ಎಂದು ಅತ್ತೆಗೆ ಹೇಳಿದರು. ನನಗೆ ಕಣ್ಣು ತುಂಬಿ ಬಂತು. ಈಗ ನಾನು ನಾಲ್ಕು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದರೆ ಅದು ಆ ಒಂದು ಮಾತಿನಿಂದ.

ಹೊಗಳಿದವರನ್ನು ಹಾಗೇ ಕಳಿಸುವುದು ಮರ್ಯಾದೆಯಲ್ಲವೆಂದು ಅತ್ತೆ ಅವರ ಬೆನ್ನು ತಟ್ಟಿದಳು.

"ನೀವೂ ಏನ್ ಕಮ್ಮಿ ಹಾಡಲಿಲ್ಲ ಬಿಡ್ರಿ. ಹಿಂಗ ನಡಿಸಿರಿ, ಮುಂದ ಬರ್ತೀರಿ."

ಗಾಯಕಿ ನಕ್ಕು ನಕ್ಕು ಮೆಟ್ಟಿಲ ಮೇಲೇ ಕೂತುಬಿಟ್ಟರು.

೪. ನಾರಾಯಣಪೇಟೆಯ ವರದಿ

ಮರುದಿನ ಓಣಿಯ ಹೆಂಗಸರೆಲ್ಲ ನಮ್ಮ ಕಟ್ಟೆಯ ಮೇಲೆ. ಪಕ್ಕದ ಮನೆಯಾಕೆ ಕೇಳಿದಳು: "ಅಷ್ಟ್ ದೊಡ್ಡಾಕಿ ಹಾಡಾಕ ಬಂದಿದ್ರಂತ, ನಿಮ್ಮ ಹುಡಿಗೀನ ಹ್ಯಾಂಗ ಕರದ್ರು ಅಕ್ಕಾ?"

ಅತ್ತೆ ಸೆರಗು ಸರಿಮಾಡಿಕೊಂಡಳು.

"ಅಯ್ಯ, ಹಂಗಲ್ಲವ್ವ. ನಮ್ಮ ಹುಡಿಗಿ ಎರಡು ತಾಸು ತಂಬೂರಿ ಬಾರಿಸಿದ್ಳು. ಮುಂದ ಸುಮ್ನ ಕುಂದ್ರೋದ್ಯಾಕಂತ ಆಯಮ್ಮ ಹಾಡಿದ್ರು."