ಎದೆಗಂಟಿದ ಗೂಢಚಾರರ ಸನ್ನಿಧಾನಕ್ಕೆ

ಮಾನ್ಯ ಹೃದಯ ನಿಗಾ ಯಂತ್ರದವರೇ,

ಬಿಸ್ಕತ್ತಿನಷ್ಟು ಗಾತ್ರದ ದೇಹದಲ್ಲಿ ಬ್ರಹ್ಮಾಂಡದಷ್ಟು ಅನುಮಾನ ತುಂಬಿಕೊಂಡು, ಹಗಲಿರುಳೆನ್ನದೆ ಜನರ ಎದೆಗೆ ಕಿವಿಯಿಟ್ಟು ಕೂತಿರುವ ತಮಗೆ, ಸಸ್ಕ್ಯಾಚುವಾನ್ ಬಯಲಿನ ಬಡ ಕರ್ಲಿಂಗ್ ನಾಯಕನೊಬ್ಬನ ಹೃತ್ಪೂರ್ವಕ ವಂದನೆಗಳು. ಹೃತ್ಪೂರ್ವಕ ಹೌದೋ ಅಲ್ಲವೋ ಎಂಬುದು ಹೇಗೂ ತಮ್ಮಲ್ಲಿ ದಾಖಲಾಗಿರುತ್ತದೆ.

ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ನಮ್ಮ ಆಟದಲ್ಲಿ, ಕಲ್ಲು ದೂರ ಸಾಗಲೆಂದು ಅದರ ಮುಂದೆ ಪೊರಕೆ ಹಿಡಿದು ಗುಡಿಸುವವನು ಬೆವರಬೇಕು, ಆಚೆ ತುದಿಯಲ್ಲಿ ನಿಂತ ನಾಯಕ ಗಂಟಲು ಹರಿದುಕೊಳ್ಳಬೇಕು. ಮದುವೆಗೂ ಮುಂಚಿನಿಂದ ನಾನು ಅರಚಿದ್ದೇನೆ, ಗೆಳೆಯ ಮರ್ವಿನ್ ಗುಡಿಸಿದ್ದಾನೆ. ಅರಚುವಾಗ ನನ್ನ ಮುಖ ಬೀಟ್‌ರೂಟ್ ಆಗುವುದನ್ನು ಕಂಡ ಮಡದಿ ಡಾರ್ಲೀನ್, ಡಾಕ್ಟರರಿಗೆ ಹೇಳಿ ತಮ್ಮನ್ನು ನನ್ನ ಎದೆಗೆ ಅಂಟಿಸಿದಳು. ಅಂದಿನಿಂದ ನಾನು ತುಸು ದನಿಯೇರಿಸಿದರೆ ಸಾಕು, ತಾವು ಕ್ಲಿನಿಕ್ಕಿಗೆ ಚಾಡಿ ಹೇಳುವುದು, ಅವರು ಡಾರ್ಲೀನಳಿಗೆ ಫೋನು ಮಾಡುವುದು. ಇನ್ನೊಂದು ಫೋನು ಬಂದರೆ ಫೈನಲ್ ಆಟಕ್ಕೆ ಎಳ್ಳುನೀರು ಎಂದಳು.

ಹಾಗಾಗಿ ಫೈನಲ್ ದಿನ, ಬಟ್ಟೆ ಬದಲಿಸುವ ಕೋಣೆಯಲ್ಲಿ ತಮ್ಮನ್ನು ಕಿತ್ತು, ಗೂಳಿಯಂತಿರುವ ಮರ್ವಿನ್ನನ ಎದೆಗೆ ಹೊಸ ಅಂಟುಪಟ್ಟಿ ಹಾಕಿ ಕೂಡಿಸಿದೆ. "ನನ್ನೆದೆಗೇನು ಧಾಡಿ, ಅಂಟ್ಸೋ ಮಾರಾಯ" ಎಂದನವನು. ತಾವಾದರೂ ಅತಿಥಿಯಂತೆ ತೆಪ್ಪಗೆ ಇರಬಾರದಿತ್ತೇ?

ಕೊನೆಯ ಕಲ್ಲು ನಾಯಕನ ಪಾಲಿನದು; ಅದನ್ನು ಜಾರಿಸಲು ನಾನು ಬಗ್ಗಿದ್ದೆ, ಗೆಲುವು ಅಂಗೈಯಲ್ಲಿತ್ತು. ಅಷ್ಟರಲ್ಲಿ ಡಾರ್ಲೀನ್ ಮಂಜುಗಡ್ಡೆಯ ಮೇಲೆಯೇ ಜಾರುತ್ತ ಓಡಿಬಂದಳು. "ಏನ್ರೀ, ಜೀವ ಇದೆಯೇನ್ರೀ? ನಿಮ್ಮೆದೆ ನಿಂತು ನಿಂತು ಬಡೀತಿದೆಯಂತೆ, ಕ್ಲಿನಿಕ್ಕಿಂದ ಫೋನು!"

ನಮ್ಮ ಕ್ಲಬ್ಬಿನಲ್ಲಿ ತೀರ್ಪುಗಾರರಿಲ್ಲ. ಯಾರ ಪೊರಕೆ ಕಲ್ಲಿಗೆ ತಗುಲಿತೋ ಅವರೇ ಕೈಯೆತ್ತಿ ಒಪ್ಪಿಕೊಳ್ಳುವುದು ಸಂಪ್ರದಾಯ. ಅದೇ ಅಭ್ಯಾಸಬಲದಿಂದ ಮರ್ವಿನ್ ಕೈಯೆತ್ತಿದ. "ಅತ್ತಿಗೆ, ಅವನಿಗೆ ಬೈಬೇಡಿ. ಅದು ನನ್ನೆದೆ ಮೇಲಿದೆ." ಹೇಳಿದವನೇ ಅಲ್ಲೇ ಕುಸಿದು ಕೂತ. ನನ್ನ ಜೀವ ಬಾಯಿಗೆ ಬಂತು, ಮಾನ್ಯರೇ.

ಆಟ ಬಿಟ್ಟು ಎಲ್ಲರೂ ಆಸ್ಪತ್ರೆಗೆ ಓಡಿದೆವು; ಟ್ರೋಫಿ ಎದುರಾಳಿಗಳ ಪಾಲಾಯಿತು. ಮರ್ವಿನ್ನನ ಎದೆಯೊಳಗೆ ಪೇಸ್‌ಮೇಕರ್ ಕೂಡಿಸಿದರು. ಗೊತ್ತಾಗದೇ ಹೋಗಿದ್ದರೆ ಆಳು ಉಳಿಯುತ್ತಿರಲಿಲ್ಲವಂತೆ. ನನ್ನ ಹೃದಯವೋ, ಕುದುರೆಯದಂತೆ! ಇಷ್ಟು ದಿನ ನನ್ನ ಮೇಲೆ ಚಾಡಿ ಹೇಳಿದ್ದಕ್ಕೆ ತಾವು ಒಂದು ಕ್ಷಮಾಪಣೆಯನ್ನೂ ಕೇಳಲಿಲ್ಲ.

ಆದಕಾರಣ ನನ್ನ ಬಿನ್ನಹವಿಷ್ಟೆ. ಮುಂದೆ ಯಾರದೇ ಪ್ರಾಣ ಉಳಿಸುವ ಮುನ್ನ ಕೊನೆಯ ಕಲ್ಲು ನಿಲ್ಲುವವರೆಗಾದರೂ ಕಾಯತಕ್ಕದ್ದು. ಅದಾಗದಿದ್ದರೆ ಎದುರಾಳಿಗಳ ನಾಯಕನ ಎದೆಗೂ ಅಂಟಿಕೊಂಡು, ಅವನ ಹೆಂಡತಿಗೂ ಒಂದು ಫೋನು ಮಾಡಿಸತಕ್ಕದ್ದು.

ಮನಸಾರೆ ಬೈಯಬೇಕೆಂದು ಕೂತರೂ ಬೈಗುಳ ಬಾರದ,
ತಮ್ಮ ವಿಶ್ವಾಸಿ,
ಓರೆಸ್ಟ್ ಕೊವಾಲ್‌ಚುಕ್

ಮರೆತ ಮಾತು: ಮರ್ವಿನ್ ಸದ್ಯಕ್ಕೆ ಗುಡಿಸಬಾರದು, ನಿಂತು ಅರಚಬಹುದು ಎಂದು ಡಾಕ್ಟರರ ಅಪ್ಪಣೆಯಾಗಿದೆ. ತಮ್ಮ ಕೃಪೆಯಿಂದ ಈಗ ಅವನೇ ನಾಯಕ, ಗುಡಿಸುವವನು ನಾನು. ನಿನ್ನೆ "ಜೋರಾಗಿ ಗುಡ್ಸೋ, ಸೋಮಾರಿ!" ಎಂದು ಅವನು ಅರಚಿದಾಗ ನನಗೆ ಎಷ್ಟು ಹಿತವಾಯಿತೆಂದರೆ, ಬೇಕೆಂದೇ ಇನ್ನೊಂದಿಷ್ಟು ನಿಧಾನ ಮಾಡಿದೆ. ಈ ಚಾಡಿಯನ್ನು ಮಾತ್ರ ಅವನಿಗೆ ಹೇಳಕೂಡದು.