ಒಂದೇ ಸಲ ಕೇಳಿದ ಮೇಜರ್ ಸಾಹೇಬರಿಗೆ

ಮಾನ್ಯರೇ,

ಆಕ್ಲೆಂಡಿನ ಮೀಸಲು ಸೇನಾ ತುಕಡಿಯೊಂದರ ಮುಖ್ಯಸ್ಥರೂ, ಕುಟುಂಬ ದಿನದಂದು ತಾವೇ ಇಕ್ಕಳ ಹಿಡಿದು ಕಾವಲಿಯ ಮುಂದೆ ನಿಂತು ಬಂದವರಿಗೆಲ್ಲ ಬ್ರೆಡ್ಡು ಹಂಚಿದವರೂ, ನನ್ನ ಯಜಮಾನರ ಮೃತ್ಯುಂಜಯ ಎಂಬ ತುಂಬು ಹೆಸರನ್ನು ಒಂದೇ ಏಟಿಗೆ ‘ಜೇ’ ಎಂದು ಮೊಟಕು ಮಾಡಿ ಬೆನ್ನು ತಟ್ಟಿದವರೂ ಆದ ತಮಗೆ, ಅದೇ ಊರಿನ ಆಲ್ಬನಿ ಬಡಾವಣೆಯ ನಿವಾಸಿಯಾದ ಪ್ರಭಾ ಎಂಬ ನಾನು ಮಾಡುವ ಸವಿನಯ ನಮಸ್ಕಾರಗಳು. ತಾವೂ, ತಮ್ಮ ಕುಟುಂಬದವರೂ, ತಮ್ಮ ಅಧೀನದಲ್ಲಿರುವ ಸಮಸ್ತ ಟ್ರಕ್ಕುಗಳೂ ಕ್ಷೇಮವೆಂದು ನಂಬಿದ್ದೇನೆ.

ಈ ಪತ್ರವನ್ನು ಕನ್ನಡದಲ್ಲಿ, ಅದೂ ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ, ಹತ್ತು ಜನ ಓದುವಂತೆ ಬರೆಯುತ್ತಿರುವುದಕ್ಕೆ ಕಾರಣವಿದೆ. ತಮಗೆ ಕನ್ನಡ ಬಾರದು. ಇಂಗ್ಲಿಷಿನಲ್ಲಿ ಬರೆದರೆ ತಾವು ಓದಿಬಿಡುವ ಅಪಾಯವಿದೆ, ಓದಿದರೆ ತಮಗೆ ಬೇಸರವಾದೀತು, ಇಷ್ಟು ದೊಡ್ಡ ಹುದ್ದೆಯಲ್ಲಿರುವವರಿಗೆ ಬೇಸರ ಮಾಡುವುದು ನಮ್ಮ ಮನೆಯ ಪದ್ಧತಿಯಲ್ಲ. ಆದ್ದರಿಂದ ದೂರು ಹೇಳಿದ ಸಮಾಧಾನ ನನಗೂ, ಅದು ಕಿವಿಗೆ ಬೀಳದ ನೆಮ್ಮದಿ ತಮಗೂ ಇರಲಿ ಎಂಬ ಸದುದ್ದೇಶದಿಂದ ಈ ಮಾರ್ಗವನ್ನು ಆರಿಸಿಕೊಂಡಿದ್ದೇನೆ.

ನನ್ನ ಮಗಳು ಸಂಯುಕ್ತಾ ತಮಗೆ ಚೆನ್ನಾಗಿ ಗೊತ್ತು. ತಮ್ಮ ಪಾಲಿಗೆ ಅವಳು ಮಂಗಳವಾರ ಸಂಜೆಯ ಕವಾಯತನ್ನು ತಪ್ಪಿಸದ ಸಿಪಾಯಿ. ನಮ್ಮ ಪಾಲಿಗೆ ಅದಕ್ಕೂ ಬಹಳ ಮೊದಲಿನಿಂದ ಗೋಲ್‌ಕೀಪರ್. ಚಿಕ್ಕಂದಿನಲ್ಲಿ ಅವಳು ಶನಿವಾರದ ಕನ್ನಡ ತರಗತಿ ಮುಗಿಸಿಕೊಂಡು ಮೈದಾನಕ್ಕೆ ಬರುವಷ್ಟರಲ್ಲಿ ಉಳಿದ ಮಕ್ಕಳು ಓಡಾಡುವ ಜಾಗಗಳನ್ನೆಲ್ಲ ತಮ್ಮತಮ್ಮಲ್ಲೇ ಹಂಚಿಕೊಂಡಿರುತ್ತಿದ್ದರು, ತಡವಾಗಿ ಬಂದವಳಿಗೆ ಎರಡು ಕಂಬಗಳ ನಡುವಿನ ಜಾಗವೊಂದೇ ಮಿಕ್ಕಿರುತ್ತಿತ್ತು. ಹೀಗೆ ಈ ದೇಶಕ್ಕೆ ಒಬ್ಬ ಗೋಲ್‌ಕೀಪರನ್ನು ಒದಗಿಸಿದ ಕೀರ್ತಿ ಕನ್ನಡ ಕಾಗುಣಿತಕ್ಕೆ ಸಲ್ಲಬೇಕು. ಸೇನೆಗೆ ಅವಳನ್ನು ಯಾರೂ ಬಲವಂತವಾಗಿ ಸೇರಿಸಲಿಲ್ಲ, ಈ ದೇಶದಲ್ಲಿ ಅಂಥ ಕಾನೂನೂ ಇಲ್ಲ. ವಿಶ್ವವಿದ್ಯಾಲಯದ ಆವರಣದಲ್ಲಿ ತಮ್ಮವರು ಹಾಕಿಕೊಂಡು ಕೂತಿದ್ದ ಮೇಜಿನ ಬಳಿಗೆ ತಾನಾಗಿಯೇ ಹೋಗಿ, ಪುಕ್ಕಟೆ ಪೆನ್ನೊಂದನ್ನು ಪಡೆದು, ಅದೇ ಪೆನ್ನಿನಿಂದ ಸಹಿ ಹಾಕಿ ಬಂದಳು. ನಾನು ಹೆದರಿದೆ. ಅವಳಪ್ಪ ಮಾತ್ರ ಹೆದರಿದವರಂತೆ ನಟಿಸಿ, ಮೈಸೂರಿನಲ್ಲಿರುವ ತಮ್ಮ ಅಣ್ಣತಮ್ಮಂದಿರಿಗೆಲ್ಲ ಅಂದೇ ಫೋನ್ ಮಾಡಿದರು.

ತಮ್ಮ ತರಬೇತಿಯನ್ನು ಹೊಗಳದಿದ್ದರೆ ನಾನು ಕೃತಘ್ನಳಾಗುತ್ತೇನೆ. ವರ್ಷಗಟ್ಟಲೆ ನಾನು ಗಂಟಲು ಹರಿದುಕೊಂಡರೂ ನೆಲದಿಂದ ಮೇಲೇಳದಿದ್ದ ಒದ್ದೆ ಟವೆಲನ್ನು ತಮ್ಮ ಸಾರ್ಜೆಂಟರು ಒಂದೇ ವಾರಾಂತ್ಯದಲ್ಲಿ ಎಬ್ಬಿಸಿ ಕೊಕ್ಕೆಗೆ ಏರಿಸಿದರು. ಈಗ ಅವಳ ಹಾಸಿಗೆಯ ಮೇಲೆ ಕೂರಲು ನನಗೇ ಸಂಕೋಚವಾಗುತ್ತದೆ, ಅಷ್ಟು ಬಿಗಿ. ಮೈದಾನದಲ್ಲಿ ಅವಳು ಕವಾಯತಿನ ದನಿಯಲ್ಲಿ ಕೂಗಿದರೆ ನಮ್ಮ ರಕ್ಷಣಾ ಆಟಗಾರ್ತಿಯರಷ್ಟೇ ಅಲ್ಲ, ಎದುರು ಪಕ್ಷದವರೂ ಸಾಲಾಗಿ ನಿಂತುಬಿಡುತ್ತಾರೆ. ಫುಟ್‌ಬಾಲ್ ಕೂಡ ತಮ್ಮ ಸೇನೆಗೆ ತನ್ನ ಕಾಣಿಕೆ ಸಲ್ಲಿಸಿದೆ ಎಂಬುದನ್ನು ಇಲ್ಲಿ ವಿನಯದಿಂದ ನೆನಪಿಸುತ್ತೇನೆ. ಕೈಬಾಂಬಿನ ಅಭ್ಯಾಸದ ದಿನ ತಮ್ಮವರು ಎಚ್ಚರಿಕೆ ಕೊಡದೆ ಒಂದು ಸುಳ್ಳು ಬಾಂಬನ್ನು ಎಸೆದಾಗ ಉಳಿದ ಸಿಪಾಯಿಗಳೆಲ್ಲ ನೆಲ ಕಚ್ಚಿದರೆ, ನನ್ನ ಮಗಳು ಒಬ್ಬಳೇ ಎಡಕ್ಕೆ ಹಾರಿ ಅದನ್ನು ಗಾಳಿಯಲ್ಲೇ ಹಿಡಿದು ಎದೆಗವಚಿಕೊಂಡು ಎದ್ದಳಂತೆ. ಯುದ್ಧದ ದೃಷ್ಟಿಯಿಂದ ಅದು ತಪ್ಪಿರಬಹುದು. ಆಟದ ದೃಷ್ಟಿಯಿಂದ ಅದಕ್ಕಿಂತ ಒಳ್ಳೆಯ ಹಿಡಿತವಿಲ್ಲ ಎಂದು ಬಲ್ಲವರು ಹೇಳಿದ್ದಾರೆ.

ಎಲ್ಲವೂ ಹೀಗೆ ಚೆನ್ನಾಗಿ ನಡೆದಿರುವಾಗ ವೃತ್ತಿಪರ ಕ್ಲಬ್ಬೊಂದರಿಂದ ಅವಳಿಗೆ ಕರೆ ಬಂತು. ಪಂದ್ಯಾವಳಿಗೆ ಮುಂಚಿನ ಎರಡು ವಾರಗಳ ಶಿಬಿರಕ್ಕೆ ಬಾ, ಗೋಲ್‌ಕೀಪರ್ ಜಾಗ ಒಂದೇ ಇದೆ, ನೆಲ್ಸನ್ ಊರಿನಿಂದ ಇನ್ನೊಬ್ಬ ಹುಡುಗಿಯೂ ಬರುತ್ತಿದ್ದಾಳೆ, ಇಬ್ಬರನ್ನೂ ನೋಡಿ ಒಬ್ಬಳ ಜೊತೆ ಒಪ್ಪಂದ ಮಾಡಿಕೊಳ್ಳುತ್ತೇವೆ ಎಂದರು ಅಲ್ಲಿನ ಕೋಚ್ ಮೇಡಂ. ರಗ್ಬಿಯನ್ನು ಉಸಿರಾಡುವ ಈ ದೇಶದಲ್ಲಿ ಫುಟ್‌ಬಾಲ್ ಆಡಿ ಬದುಕುವ ಅವಕಾಶ ಹುಡುಗಿಯರಿಗೆ ಎಷ್ಟು ಸಲ ಬರುತ್ತದೆಂದು ತಮಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಅದೇ ಎರಡು ವಾರಗಳನ್ನು ತಾವೂ ಆರಿಸಿಕೊಂಡಿದ್ದಿರಿ. ಬೆಟ್ಟದ ಬುಡದ ಚಳಿ ಬಯಲಿನಲ್ಲಿ, ಬೆನ್ನ ಮೇಲೆ ಅರ್ಧ ಸಂಸಾರ ಹೊತ್ತು, ಕಲ್ಪಿತ ಶತ್ರುವನ್ನು ಹುಡುಕುವ ಶಿಬಿರಕ್ಕೆ. ವರ್ಷದ ಉಳಿದ ವಾರಗಳು ಏನು ಪಾಪ ಮಾಡಿದ್ದವೋ ನಾನರಿಯೆ.

ಈಗ ಕುಟುಂಬ ದಿನದ ಪ್ರಸಂಗಕ್ಕೆ ಬರುತ್ತೇನೆ. ನಾವು ಸಸ್ಯಾಹಾರಿಗಳೆಂದು ತಿಳಿದು ತಾವು ನನಗಾಗಿಯೇ ಬ್ರೆಡ್ಡಿನಲ್ಲಿ ಹುರಿದ ಈರುಳ್ಳಿಯನ್ನು ತುಂಬಿಸಿ ಚಾಚಿದಿರಿ. ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು. “ಅಯ್ಯೋ, ಬೇಡ” ಎಂಬ ಅರ್ಥ ಬರುವಂತೆ ಇಂಗ್ಲಿಷಿನಲ್ಲಿ ಏನೋ ಅಂದೆ. ತಾವು ನಕ್ಕು ಅದನ್ನು ನನ್ನ ಹಿಂದೆ ನಿಂತಿದ್ದವರಿಗೆ ಕೊಟ್ಟಿರಿ, ಅವರು ತಿಂದರು. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಸ್ವಲ್ಪ ಹೊತ್ತಿನಲ್ಲಿ ತಾವು ನಮ್ಮ ಮೇಜಿಗೆ ಬಂದು, ನಮ್ಮಿಬ್ಬರ ಎದುರಿಗೇ ಸಂಯುಕ್ತಾಳನ್ನು ಕೇಳಿದಿರಿ: ಫುಟ್‌ಬಾಲ್ ವಿಷಯ ಕೇಳಿದೆ, ನಿನಗೆ ಕಷ್ಟವಾಗುವುದಾದರೆ ಈ ಸಲದ ಶಿಬಿರ ಬಿಟ್ಟು ಮುಂದಿನದಕ್ಕೆ ಬರಬಹುದು, ಒಬ್ಬರಿಗೆ ಹಾಗೆ ವಿನಾಯಿತಿ ಕೊಡಲು ನನ್ನ ಕೈಯಲ್ಲಿ ಸಾಧ್ಯವಿದೆ, ಏನಂತೀಯ ಎಂದು. ಎಂಥ ದೊಡ್ಡ ಮನಸ್ಸು. ಕೇಳಿ ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಮಗಳು ಬಾಯಿ ತೆರೆಯುವುದರೊಳಗೆ ನಾನೇ ಎದ್ದು ನಿಂತು, ಛೆ ಛೆ, ಅದೆಲ್ಲ ಏನೂ ಬೇಡ, ನಮ್ಮಿಂದ ನಿಮಗೆ ತೊಂದರೆ ಬೇಡ, ಅವಳಿಗೆ ಕರ್ತವ್ಯವೇ ಮೊದಲು ಎಂದುಬಿಟ್ಟೆ. ತಾವು ಸಂತೋಷದಿಂದ “ಗುಡ್ ಆನ್ ಯು” ಎಂದು ಹೇಳಿ, ನನ್ನ ಕೈ ಕುಲುಕಿ, ಮುಂದಿನ ಮೇಜಿಗೆ ನಡೆದಿರಿ.

ಮಾನ್ಯರೇ, ಹಾಗೆ ನಡೆಯುವುದೇ? ನಮ್ಮ ಮೈಸೂರಿನಲ್ಲಿ ಮನೆಗೆ ಬಂದವರು ಕಾಫಿ ಬೇಡ ಎಂದರೆ ಯಾರೂ ಒಲೆ ಆರಿಸುವುದಿಲ್ಲ. ಮೊದಲನೆಯ ಬೇಡ ಬರೀ ಮರ್ಯಾದೆ. ಎರಡನೆಯ ಬೇಡ, ಕೇಳಿದವರು ಮನಸ್ಸಿಟ್ಟು ಕೇಳಿದರೋ ಬಾಯಿಮಾತಿಗೆ ಕೇಳಿದರೋ ಎಂದು ತಿಳಿಯಲು. ಮೂರನೆಯ ಸಲ ಒತ್ತಾಯ ಮಾಡಿದಾಗ, ಸರಿ, ನೀವು ಇಷ್ಟು ಹೇಳುವಾಗ ಅರ್ಧ ಲೋಟ ಕೊಡಿ ಎಂದು ಒಪ್ಪಿ, ಒಂದೂವರೆ ಲೋಟ ಕುಡಿದು, ತಿಂಡಿಯನ್ನೂ ಮುಗಿಸಿ ಏಳುತ್ತೇವೆ. ಇದರಲ್ಲಿ ಯಾರಿಗೂ ಗೊಂದಲವಾದದ್ದನ್ನು ನಾನು ಕಂಡಿಲ್ಲ. ನಾನು ಕೆಲಸ ಮಾಡುವ ಔಷಧದ ಅಂಗಡಿಯಲ್ಲೂ ಅಷ್ಟೇ. ಅಲರ್ಜಿ ಇದೆಯೇ ಎಂದು ಕೇಳಿ ಗಿರಾಕಿ ಇಲ್ಲ ಎಂದರೆ ಇನ್ನೊಮ್ಮೆ ಕೇಳಿಯೇ ಮಾತ್ರೆ ಕೊಡುತ್ತೇನೆ. ಒಂದು ಮಾತ್ರೆಗೆ ತೋರಿಸುವ ಈ ಜಾಗರೂಕತೆಯನ್ನು ತಾವು ಒಬ್ಬ ಹುಡುಗಿಯ ಭವಿಷ್ಯಕ್ಕೆ ತೋರಿಸಬಾರದಿತ್ತೇ?

ಈ ದೇಶಕ್ಕೆ ಬಂದು ಇಷ್ಟು ವರ್ಷವಾದರೂ ಇಲ್ಲಿಯವರು ಬೇಡ ಎಂದರೆ ಬೇಡ ಎಂದೇ ತಿಳಿಯುತ್ತಾರೆಂಬುದು ನಿನಗೆ ಗೊತ್ತಿರಲಿಲ್ಲವೇ ಎಂದು ಕೇಳುವ ಓದುಗರಿದ್ದಾರೆ. ಗೊತ್ತಿತ್ತು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಪಕ್ಕದ ಮನೆಯವರೊಂದಿಗೆ ನಾನೂ ಇಲ್ಲಿಯವರಂತೆಯೇ ಇರುತ್ತೇನೆ. ಆದರೆ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಹಿರಿಯರೊಬ್ಬರು ಎದುರು ನಿಂತು ಉಪಕಾರದ ಮಾತಾಡಿದರೆ ನನ್ನ ನಾಲಿಗೆ ನನ್ನನ್ನು ಕೇಳದೆ ಮೈಸೂರಿಗೆ ಹೊರಟುಹೋಗುತ್ತದೆ. ತಾವು ಆ ದಿನ ಬನಿಯನ್ನು ತೊಟ್ಟು ಬಂದಿದ್ದರೆ ಈ ಅನಾಹುತ ಆಗುತ್ತಿರಲಿಲ್ಲ.

ಮನೆಗೆ ಬರುವಾಗ ಕಾರಿನಲ್ಲಿ ಸಂಯುಕ್ತಾ, “ಅಮ್ಮಾ, ಹಿ ವಾಸ್ ಆಕ್ಚುಲಿ ಆಫರಿಂಗ್” ಎಂದು ಹೇಳಿ ಕಿಟಕಿಯ ಕಡೆ ತಿರುಗಿದಳು. ದೊಡ್ಡವರ ಎದುರಿಗೆ ತಾಯಿಯ ಮಾತನ್ನು ತೆಗೆದುಹಾಕಬಾರದೆಂದು ಅವಳಿಗೆ ಕಲಿಸಿದವಳೂ ನಾನೇ, ಅದನ್ನು ಅವಳು ಅಷ್ಟು ಚೆನ್ನಾಗಿ ಕಲಿತಿದ್ದಾಳೆಂದು ತಿಳಿದದ್ದು ಅವತ್ತು. ನನ್ನ ಯಜಮಾನರು ಸೇತುವೆ ದಾಟಿದ ಮೇಲೆ, “ನಿನ್ನನ್ನ ಯಾರು ಕೇಳಿದ್ರು? ಅವರು ಕೇಳಿದ್ದು ಮಗೂನ ಅಲ್ವಾ” ಎಂದರು. ಅವರಿಗೆ ಅಂದು ಸಂಜೆ ಉಪ್ಪಿಟ್ಟು ಮಾಡಿದೆ. ಉಪ್ಪಿಟ್ಟು ಅವರಿಗೆ ಆಗುವುದಿಲ್ಲ.

ಮುಂದಿನ ಮಂಗಳವಾರ ಮಗಳು ಧೈರ್ಯ ಮಾಡಿ ತಮ್ಮ ಕಚೇರಿಗೆ ಹೋಗುವಷ್ಟರಲ್ಲಿ ತಾವು ಆ ಒಂದು ವಿನಾಯಿತಿಯನ್ನು ಟ್ರಕ್ ಓಡಿಸುವ ಹುಡುಗನಿಗೆ ಕೊಟ್ಟಾಗಿತ್ತು. ಅವನ ಹೆಂಡತಿಗೆ ದಿನ ತುಂಬಿದೆಯಂತೆ. ಇನ್ನೂ ಹುಟ್ಟದ ಮಗುವಿನ ಮೇಲೆ ದೂರು ಬರೆಯುವಷ್ಟು ಕೆಟ್ಟವಳು ನಾನಲ್ಲ, ತಾಯಿ ಮಗು ಚೆನ್ನಾಗಿರಲಿ. ಆದರೆ ಆ ರಾತ್ರಿ ಊಟಕ್ಕೆ ಮುಂಚೆ ಕೋಚ್ ಮೇಡಂ ಫೋನ್ ಮಾಡಿ, ಯಾಕಮ್ಮ ಬರುವುದಿಲ್ಲ, ರಜೆ ಕೊಡಲಿಲ್ಲವೇ ಎಂದು ಕೇಳಿದಾಗ ನನ್ನ ಮಗಳು ಅಡುಗೆಮನೆಯಲ್ಲಿ ನನ್ನ ಪಕ್ಕದಲ್ಲೇ ನಿಂತು, ಕೊಟ್ಟಿದ್ದರು, ನಾನೇ ಬೇಡ ಎಂದೆ, ಅದು ನನ್ನ ತೀರ್ಮಾನ ಎಂದು ಹೇಳಿದಳು. ನನ್ನ ಹೆಸರೆತ್ತಲಿಲ್ಲ. ಚೆಂಡನ್ನು ಹಿಡಿದಂತೆ ಆ ತಪ್ಪನ್ನೂ ಹಿಡಿದು ಎದೆಗವಚಿಕೊಂಡಳು. ನನಗೆ ಬಹಳ ಸಂಕಟವಾಯಿತು, ಮಾನ್ಯರೇ. ಸಾರಿಗೆ ಒಗ್ಗರಣೆ ಹಾಕುವ ನೆಪದಲ್ಲಿ ಒಲೆಯ ಕಡೆ ತಿರುಗಿ ನಿಂತೆ. ಈಗ ಅವಳು ತಮ್ಮ ಬಯಲಿನಲ್ಲಿದ್ದಾಳೆ, ಅವಳ ಕೈಗವಸುಗಳು ಇಲ್ಲಿ ಬಟ್ಟೆ ಒಣಗಿಸುವ ಕಂಬಿಯ ಮೇಲಿವೆ, ನೆಲ್ಸನ್‌ನ ಹುಡುಗಿ ಒಬ್ಬಳೇ ದಿನವೂ ಗೋಲ್ ಕಾಯುತ್ತಿದ್ದಾಳೆ.

ಆದುದರಿಂದ ನನ್ನ ಪ್ರಾರ್ಥನೆ ಇಷ್ಟೇ. ತಮ್ಮ ಸೇನೆಯಲ್ಲಿ ಕೂಡಲೇ ಆದೇಶ ಹೊರಡಿಸಿ, ಕನ್ನಡದ ತಾಯಂದಿರ ಸಮಕ್ಷಮದಲ್ಲಿ ಕೇಳುವ ಯಾವುದೇ ಪ್ರಶ್ನೆಯನ್ನು ಮೂರು ಸಲ ಕೇಳತಕ್ಕದ್ದೆಂದೂ, ಮೂರನೆಯ ಸಲ ಮುಖದಲ್ಲಿ ಸ್ವಲ್ಪ ಮುನಿಸು ಇರತಕ್ಕದ್ದೆಂದೂ ಗೊತ್ತುಪಡಿಸಬೇಕು. ಇದಕ್ಕೆ ಅಧಿಕಾರಿಗಳಿಗೆ ತರಬೇತಿ ಬೇಕಾದಲ್ಲಿ ನಮ್ಮ ಮನೆಗೆ ಕಳುಹಿಸಿ. ಎರಡು ವಾರ ಊಟ ವಸತಿ ಕೊಟ್ಟು, ಬಡಿಸುವಾಗ ಎಲೆಯ ಮೇಲೆ ಅಡ್ಡ ಹಿಡಿದ ಕೈ ನಿಜವಾಗಿ ಅಡ್ಡ ಇದೆಯೋ, ಸಂದಿ ಬಿಟ್ಟಿದೆಯೋ ಎಂದು ಗುರುತಿಸುವಷ್ಟು ಪಳಗಿಸಿ ಕಳುಹಿಸುತ್ತೇನೆ. ಶಿಬಿರವನ್ನು ನಿಲ್ಲಿಸಲಾಗದಿದ್ದರೆ ಅದನ್ನು ಆಲ್ಬನಿಯ ಮೈದಾನಕ್ಕೆ ಬದಲಾಯಿಸಿ, ಶತ್ರುಗಳಿಗೆ ಗೋಲನ್ನೇ ವಶಪಡಿಸಿಕೊಳ್ಳಲು ಹೇಳಿ. ಅದನ್ನು ಕಾಯುವ ಸಿಪಾಯಿ ತಮ್ಮಲ್ಲಿದ್ದಾಳೆ. ಹೇಗೂ ಈ ದೇಶದ ಮೇಲೆ ಯಾರೇ ದಂಡೆತ್ತಿ ಬಂದರೂ ಅಷ್ಟು ಸಮುದ್ರ ದಾಟಿ ಬರುವುದರೊಳಗೆ ಒಂದು ಪಂದ್ಯ ಮುಗಿದು ಹೆಚ್ಚುವರಿ ಅವಧಿಯೂ ಕಳೆದಿರುತ್ತದೆ. ಇವು ಯಾವುವೂ ಸಾಧ್ಯವಿಲ್ಲವೆಂದು ತಾವು ಹೇಳಿದರೆ ಅದನ್ನು ನಾನು ತಮ್ಮ ಮೊದಲನೆಯ ಬೇಡ ಎಂದು ಭಾವಿಸಿ ಮತ್ತೆ ಬರೆಯುತ್ತೇನೆ.

ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡಿದ್ದಕ್ಕೆ ಕ್ಷಮೆ ಕೋರದೆ,

ತಮ್ಮ ವಿಶ್ವಾಸಿ,
ಪ್ರಭಾ ಮೃತ್ಯುಂಜಯ
ಆಲ್ಬನಿ

ತಾ.ಕ.: ಈ ಪತ್ರ ಅಚ್ಚಿಗೆ ಹೋಗುವ ಮುಂಚೆ ಇಷ್ಟನ್ನು ಸೇರಿಸಬೇಕಾಗಿದೆ. ಶಿಬಿರದಲ್ಲಿ ಮಕ್ಕಳ ಫೋನುಗಳನ್ನು ತಾವು ತೆಗೆದಿರಿಸಿಕೊಂಡಿದ್ದರಿಂದ ಕೋಚ್ ಮೇಡಂ ನನಗೇ ಫೋನ್ ಮಾಡಿದರು. ಮಕ್ಕಳು ಶಿಬಿರದಿಂದ ಹಿಂತಿರುಗುವ ಮರುದಿನ ಕ್ಲಬ್ಬಿನ ಅಭ್ಯಾಸ ಪಂದ್ಯವಿದೆಯಂತೆ, ದ್ವಿತೀಯಾರ್ಧಕ್ಕೆ ಗೋಲ್‌ಕೀಪರ್ ಇನ್ನೂ ಗೊತ್ತಾಗಿಲ್ಲವಂತೆ, ಸಂಯುಕ್ತಾಗೆ ತೀರಾ ಆಯಾಸವಾಗಿರುತ್ತದೆಯೇ ಎಂದು ಕೇಳಿದರು. ಬೇಡ ಎಂಬುದು ನಾಲಿಗೆಯ ತುದಿಗೆ ಬಂತು, ಅದನ್ನು ನುಂಗಿದೆ. ತಕ್ಷಣ ಹೌದು ಎಂಬುದು ಬಂತು, ಕಷ್ಟಪಟ್ಟು ಅದನ್ನೂ ನುಂಗಿದೆ. ಶಿಬಿರದ ಬಸ್ಸು ಬರುವ ಹೊತ್ತಿಗೆ ಬನ್ನಿ, ಅವಳನ್ನೇ ಕೇಳಿ ಎಂದೆ. ಅವರು ಹಿಂಬದಿ ತೆರೆದ ಯೂಟ್ ಗಾಡಿಯಲ್ಲಿ ಬಂದು ಕೇಳಿದ್ದನ್ನು ಚಹಾದ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದ ತಾವೂ ನೋಡಿದಿರಿ. ಕಾಲಿನ ತುಂಬ ಬೊಬ್ಬೆ, ಬೆನ್ನ ಮೇಲಿನ ಹೊರೆಯನ್ನೂ ಇಳಿಸಿರಲಿಲ್ಲ, ಕೋಚ್ ಮೇಡಂ ಪ್ರಶ್ನೆ ಮುಗಿಸುವ ಮೊದಲೇ ಅವಳು “ಯೆಸ್ ಪ್ಲೀಸ್” ಎಂದಳು. ಪಂದ್ಯ ನಾಳೆ; ಜಾಗ ಸಿಗುತ್ತದೆಯೋ ಇಲ್ಲವೋ ಗೊತ್ತಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಒಂದು ಮೊಳ ದೂರದಲ್ಲಿ ನಿಂತಿದ್ದರೂ ನಾನು ಆದ್ಯಂತ ಬಾಯಿ ತೆರೆಯಲಿಲ್ಲ. ಇದಕ್ಕಿಂತ ಕಡಿಮೆ ಧೈರ್ಯಕ್ಕೆ ಸಿಕ್ಕ ಪದಕಗಳು ತಮ್ಮ ಎದೆಯ ಮೇಲೆಯೇ ಇವೆ ಎಂದು ನನ್ನ ಯಜಮಾನರು ಹೇಳುತ್ತಾರೆ. ನಾನು ಹಾಗೆ ಹೇಳುವವಳಲ್ಲ.