ಒಬ್ಬಳೇ ಹಾಡಿದ ಎಂಟು ಹಾಡು

ಹಾಡುವವರಿಗೆ ಜೊತೆಗಾರರು ಬೇಕು ಎನ್ನುವುದು ಕೈಲಾಗದವರ ಮಾತು ಎಂದು ಕಳೆದ ವರ್ಷ ನಾನು ಇಂಡಿ ಪಟ್ಟಣದ ನಮ್ಮ ಅಡುಗೆಮನೆಯಲ್ಲಿ ನಿಂತು ಘೋಷಿಸಿದೆ. ಸಭಿಕರು ಒಬ್ಬರೇ, ನಮ್ಮ ಯಜಮಾನರು. ರೊಟ್ಟಿ ತಿನ್ನುತ್ತಿದ್ದರು.

"ಹಂಗಂದ್ರ ತಂಡ ಬಿಟ್ಟಿ?"

"ಬಿಟ್ಟೆ."

"ಮೆಹರುನ್ನ?"

"ಅಕೀನ್ನೂ ಬಿಟ್ಟೆ!"

ಅವರು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಸಂಗೀತ ಲೋಕ ತಿರುವು ಪಡೆಯುವ ಹೊತ್ತಿನಲ್ಲೂ ಗಂಡಸರಿಗೆ ಹಸಿವಾಗುತ್ತದೆ.

ನಮ್ಮದು ಐದು ಜನರ ಹಾಡಿನ ತಂಡ. ಹದಿನಾಲ್ಕು ವರ್ಷ ಸುತ್ತಲಿನ ನಾಲ್ಕು ತಾಲೂಕಿನ ಮದುವೆ, ಬಸುರಿಯರ ಕುಬಸ, ಕಾಲೇಜಿನ ಸಮಾರಂಭಗಳಲ್ಲಿ ಹಾಡಿದ್ದೇವೆ. ಮುಂದೆ ನಿಲ್ಲುವವರು ನಾನು ಮತ್ತು ಸಿಂದಗಿಯ ಮೆಹರುನ್ನೀಸಾ. ನಾನು ಒಂದು ಸಾಲು ಹಾಡಿ ಬಿಟ್ಟರೆ, ಆಕೆ ಅದರ ಬಾಲ ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಳು. ಇಬ್ಬರಿಗೂ ಟೆಂಪೋದಲ್ಲಿ ಒಂದೇ ಸೀಟು, ಒಂದೇ ಬುತ್ತಿ, ಒಂದೇ ಮೈಕು.

ಇಂಥ ಸಂಬಂಧವನ್ನು ಮುರಿದದ್ದು ಮೋರಟಗಿಯ ಒಂದು ಮದುವೆಯ ಬ್ಯಾನರ್. ಅದರಲ್ಲಿ "ಮೆಹರುನ್ನೀಸಾ ಮತ್ತು ಸಂಗಡಿಗರು" ಎಂದು ಬರೆದಿತ್ತು. ನಾನು ನನ್ನ ಹೆಸರು ಹುಡುಕಿದೆ. ಮೇಲೆ ನೋಡಿದೆ, ಕೆಳಗೆ ನೋಡಿದೆ, ಹಿಂದಕ್ಕೆ ಹೋಗಿಯೂ ನೋಡಿದೆ. ಕೊನೆಗೆ ತಿಳಿಯಿತು: ನಾನು ಸಂಗಡಿಗರಲ್ಲಿದ್ದೆ. ಡೋಲಕ್ಕಿನ ಜೊತೆ! ಬ್ಯಾನರ್ ಬರೆಸಿದವರು ಬೀಗರು, ಮೆಹರುವಿನ ತಪ್ಪಿಲ್ಲ. ಅದು ನನಗೂ ಗೊತ್ತಿತ್ತು. ಆದರೆ ಆಕೆ ಅದನ್ನು ಓದಿ ನಕ್ಕಳು. ಅಲ್ಲಿಗೆ ಮುಗಿಯಿತು. ತಂಡದ ಮುಖ್ಯಸ್ಥ ಚನ್ನಪ್ಪನಿಗೆ, "ನಿಮ್ಮ ತಂಡ ನಿಂತಿದ್ದೇ ನನ್ನ ಧ್ವನಿ ಮ್ಯಾಲ" ಎಂದು ಹೇಳಿ, ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದೆ. ಆ ಮದುವೆಯಲ್ಲಿ ಹೋಳಿಗೆ ಇತ್ತೆಂದು ಆಮೇಲೆ ಗೊತ್ತಾಯಿತು.

ಎಂಟೇ ದಿನದಲ್ಲಿ ನನ್ನ ಸ್ವಂತ ಆಲ್ಬಮ್ ಸಿದ್ಧವಾಯಿತು, ತಲೆಯಲ್ಲಿ. ಎಂಟು ಹಾಡು, ಬರೆದವಳು ನಾನೇ, ರಾಗ ಹಾಕಿದವಳೂ ನಾನೇ. ಧ್ವನಿಮುದ್ರಣಕ್ಕೆ ಮುದ್ದೇಬಿಹಾಳಕ್ಕೆ ಹೋದೆ. ಅಲ್ಲಿ ಸಿದ್ದು ಎಂಬವರು ತಮ್ಮ ಫೋಟೋ ಅಂಗಡಿಯ ಹಿಂದಿನ ಕೋಣೆಗೆ ನಾಲ್ಕೂ ಕಡೆ ಹೊದೆಯುವ ಕೌದಿ ಹೊಡೆದು ಸ್ಟುಡಿಯೋ ಮಾಡಿದ್ದರು. ಫ್ಯಾನಿನ ಸದ್ದು ಬರುತ್ತದೆಂದು ಫ್ಯಾನ್ ಬಂದ್. ಬೇಸಿಗೆ ಬೇರೆ. ಕಲಾವಿದರು ಬೆಂದು ಹದವಾಗಬೇಕು ಎಂದು ಕೇಳಿದ್ದೆ, ಅಂದು ಬೆಂದೆ.

ಮೊದಲ ಹಾಡು ಮುಗಿಯಿತು. ಸಿದ್ದು ಕಿವಿಗೆ ಹಾಕಿದ್ದನ್ನು ತೆಗೆದರು.

"ಅಕ್ಕಾರ, ಸಾಲು ಮುಗದ ಮ್ಯಾಲ ಯಾರ ದಾರಿ ಕಾಯಾಕತ್ತೀರಿ?"

"ಯಾರ್ದೂ ಇಲ್ರಿ. ಯಾಕ?"

"ಪ್ರತಿ ಸಾಲು ಆದಮ್ಯಾಲ ಸುಮ್ಮ ನಿಲ್ತೀರಿ. ಇನ್ನೊಂದು ಮಾತು ರೀ. ಮೈಕಿನ ಮುಂದ ಅರ್ಧಾ ಜಾಗಾ ಖಾಲಿ ಬಿಟ್ಟು ಎಡಕ್ಕ ನಿಂತೀರಿ. ಧ್ವನಿ ಅರ್ಧಾನ ಬಂದೈತಿ."

ಕೆಳಗೆ ನೋಡಿದೆ. ಹೌದು. ನನ್ನ ಬಲಗಡೆ ಒಬ್ಬರು ನಿಲ್ಲುವಷ್ಟು ಜಾಗ ಇತ್ತು. ನಾನು ಬೆವರು ಒರೆಸಿಕೊಂಡೆ. ಕಣ್ಣಿಗೂ ಸ್ವಲ್ಪ ಬೆವರು ಬಂದಿತ್ತು.

ಸಿದ್ದು ನನ್ನನ್ನು ಭುಜ ಹಿಡಿದು ನಡುವೆ ನಿಲ್ಲಿಸುವಷ್ಟು ಸಲಿಗೆಯವರಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿಕೊಟ್ಟರು. ಆದರೆ ಕಾಲು ನಿಂತ ಕಡೆ ಗಂಟಲು ನಿಲ್ಲಬೇಕಲ್ಲ! ಸಂಜೆವರೆಗೆ ಹಾಡಿದೆ, ಸಂಜೆವರೆಗೆ ಕಾದೆ. ಕೊನೆಗೆ ಅವರೇ ಉಪಾಯ ಮಾಡಿದರು: ಖಾಲಿ ಬಿಟ್ಟ ಜಾಗಗಳಲ್ಲಿ ನನ್ನದೇ ಧ್ವನಿಯನ್ನು ಇನ್ನೊಮ್ಮೆ ಜೋಡಿಸಿದರು. ಮನೆಗೆ ತಂದು ಯಜಮಾನರಿಗೆ ಕೇಳಿಸಿದೆ.

"ಚಲೋ ಐತಿ. ಆದ್ರ ಒಂದ ಮನಿ ನೆಗೆಣ್ಣಿ ಸೊಸಿಯರಿಬ್ಬರು ಬಾಯಿ ಮಾಡಿದಂಗ ಕೇಳಸ್ತೈತಿ."

"ಅದು ನಾನ!"

"ಎರಡನೇಯಾಕಿ?"

"ಅದೂ ನಾನ!"

"ಹಂಗಾರ ರಾಜಿ ಮಾಡ್ಸೋದು ತ್ರಾಸ್ ಬಿಡು."

ಬಿಡುಗಡೆ ಸಮಾರಂಭ ಬಸವನ ಬಾಗೇವಾಡಿಯ ಒಂದು ಕಲ್ಯಾಣ ಮಂಟಪದಲ್ಲಿ. ಈ ಸಲ ಬ್ಯಾನರ್ ನನ್ನದೇ. ನಾನು ಸೀರೆಯ ಸೆರಗು ಸರಿಮಾಡಿಕೊಂಡು ಒಳಗೆ ಕಾಲಿಟ್ಟು ತಲೆ ಎತ್ತಿದೆ. ಗೋಡೆಯ ಉದ್ದಕ್ಕೂ ನನ್ನ ಮುಖ. ಕೆಳಗೆ ದೊಡ್ಡ ಅಕ್ಷರದಲ್ಲಿ: "ಸುವರ್ಣಾ ಮತ್ತು ಸಂಗಡಿಗರು." ಮುದ್ರಣದವರು ರೂಢಿಯಂತೆ ಸೇರಿಸಿಬಿಟ್ಟಿದ್ದರು!

ಬಂದವರು ಮೂವತ್ತು ಜನ. ಹೆಚ್ಚಿನವರು ಹಳೆಯ ಮದುವೆಗಳಲ್ಲಿ ನಮ್ಮನ್ನು ಕೇಳಿದವರು. ನಾನು ಹಾಡಲು ನಿಂತೆ. ಮುಂದಿನ ಸಾಲಿನಿಂದ ಒಬ್ಬ ಅಜ್ಜಿ ಕೇಳಿದಳು:

"ಯವ್ವಾ, ಇನ್ನೊಬ್ಬಾಕಿ ಎಲ್ಲಿ ಅದಾಳ?"

"ಅಕಿ ಇಲ್ರಿ. ಇವತ್ತು ನಾನೊಬ್ಬಾಕೀನ."

"ಬರ್ಲಿ ತಗೋ. ಕಾಯ್ತೇವಿ, ಗಡಬಡಿ ಏನಿಲ್ಲ."

ಎಲ್ಲರೂ ತಲೆಯಾಡಿಸಿದರು. ಹತ್ತು ನಿಮಿಷ ನಿಜವಾಗಿಯೂ ಕಾದರು. ಬಾಗಿಲ ಕಡೆ ನೋಡಿದರು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ನೋಡಿದೆ.

ಅದೇ ವಾರ ಹಾಡುಗಳನ್ನು ಇಂಟರ್‌ನೆಟ್ಟಿಗೆ ಹಾಕಿದೆವು. ಲೋಕ ಅಲ್ಲಾಡಲಿಲ್ಲ. ಹದಿನೈದು ದಿನದಲ್ಲಿ ಒಂದೇ ಒಂದು ಅಭಿಪ್ರಾಯ ಬಂತು:

"ಮೂರನೇ ಹಾಡಿನ್ಯಾಗ ಶ್ರುತಿ ಬಿಟ್ಟೀದಿ. ಎಂಟನೇದ್ರಾಗ ಗಂಟಲ ಕಟ್ಟೈತಿ. ಬಿಸಿನೀರು ಕುಡಿ."

ಹೆಸರಿನ ಜಾಗದಲ್ಲಿ ಮೆಹರುನ್ನೀಸಾ. ನಾನು ಅದನ್ನು ಎಷ್ಟು ಸಲ ಓದಿದೆನೋ! ಎಂಟನೆಯ ಹಾಡಿನ ತನಕ ನಮ್ಮ ಯಜಮಾನರೂ ಹೋಗಿರಲಿಲ್ಲ.

ಮರುದಿನ ಒಂದು ಚೀಲ ಲಿಂಬೆಹಣ್ಣು ಹಿಡಿದು ಸಿಂದಗಿ ಬಸ್ಸು ಹತ್ತಿದೆ. ಮೆಹರು ಹಿಟ್ಟಿನ ಕೈಯಲ್ಲೇ ಬಾಗಿಲು ತೆರೆದಳು.

"ಲಿಂಬಿಹಣ್ಣು ಕೊಡಾಕ ಬಂದೆ," ಎಂದೆ.

"ಸಿಂದಗ್ಯಾಗ ಲಿಂಬಿಹಣ್ಣು ಸಿಗೂದಿಲ್ಲ ಅಂತ ಯಾರ ಹೇಳಿದ್ರು ಸುವ್ವಿ ನಿನಗ?"

ಚೀಲ ಕೆಳಗಿಟ್ಟು ಒಳಗೆ ಹೋದೆ. ಆಕೆ ತಾಟು ಇಟ್ಟಳು. ಇಬ್ಬರೂ ಒಂದೇ ತಾಟಿನಲ್ಲಿ ತಿಂದೆವು. ಕ್ಷಮೆ ಕೇಳುವ ವಿಷಯ ಇಬ್ಬರಿಗೂ ನೆನಪಾಗಲಿಲ್ಲ. ಕೈ ತೊಳೆಯುವಾಗ ನಾನೇ ಮಾತು ತೆಗೆದೆ.

"ತಂಡದಾಗ ನನ್ನ ಜಾಗಾ?"

"ಹೊಸಾ ಹುಡುಗಿ ಒಬ್ಬಾಕಿ ಬಂದು ಹೋದ್ಲು. ನಿಲ್ಲಲಿಲ್ಲ. ಆದ್ರ ಚನ್ನಪ್ಪಣ್ಣ ಸಿಟ್ಟಿನ್ಯಾಗ ಅದಾನ. ಈಗ ಯಾರ ಬಂದ್ರೂ ಪರೀಕ್ಷಾ ತಗೋತಾನಂತ."

"ನಂದೂ?"

"ನಿಂದಂತೂ ಮೊದಲ!"

ಹೀಗೆ ಹದಿನಾಲ್ಕು ವರ್ಷ ಹಾಡಿದ ತಂಡದ ಮುಂದೆ ಹೊಸಬಳಾಗಿ ನಿಂತೆ. ಕುರ್ಚಿಯಲ್ಲಿ ಚನ್ನಪ್ಪ, ಪಕ್ಕದಲ್ಲಿ ಉಳಿದವರು. ಮೆಹರು ಕಿಟಕಿ ಹೊರಗೆ ನೋಡುತ್ತ ತುಟಿ ಕಚ್ಚಿ ನಗು ತಡೆಯುತ್ತಿದ್ದಳು. ನಾನು ಹಾಡಿದೆ. ಚನ್ನಪ್ಪ ಕನ್ನಡಕ ಇಳಿಸಿ ಬಹಳ ಗೌರವದಿಂದ ಕೇಳಿದ:

"ಧ್ವನಿ ಅಡ್ಡಿಯಿಲ್ಲ. ಮೊದ್ಲ ಎಲ್ಲ್ಯರ ಹಾಡೀರೇನ್ರಿ?"

"ಒಂದ್ ತಂಡದಾಗ ಹಾಡ್ತಿದ್ದೆರಿ."

"ಬಿಟ್ಟಿದ್ಯಾಕ್ರಿ?"

"ತಲಿ ಕೆಟ್ಟಿತ್ರಿ."

"ಹೂಂ. ವಿಚಾರ ಮಾಡಿ ತಿಳಸ್ತೇವ್ರಿ."

ಇದಾಗಿ ಹನ್ನೊಂದು ದಿನ. ಫೋನನ್ನು ದೇವರ ಮುಂದೆ ಇಡುತ್ತೇನೆ, ಒಲೆಯ ಮುಂದೆ ಇಡುತ್ತೇನೆ, ಬಟ್ಟೆ ಒಗೆಯುವಾಗ ಕಲ್ಲಿನ ಮೇಲೆ ಇಡುತ್ತೇನೆ. ಇಂದು ಬೆಳಿಗ್ಗೆ ಅದು ಕೂಗಿತು! ಒದ್ದೆ ಕೈಯಲ್ಲೇ ಓಡಿ ಎತ್ತಿಕೊಂಡೆ.

"ಹಲೋ, ಚನ್ನಪ್ಪಣ್ಣ! ಬರ್ತೇನ್ರಿ! ಯಾವ ಊರ ಮದುವಿ ಇದ್ರೂ ಬರ್ತೇನಿ!"

ಆ ಕಡೆಯಿಂದ ನಮ್ಮ ಯಜಮಾನರ ಧ್ವನಿ ಬಂತು. ಪಡಸಾಲೆಯಿಂದ.

"ನಾನಲೇ. ಫೋನ್ ಸರಿ ಐತೋ ಇಲ್ಲೋ ಅಂತ ಹಚ್ಚಿ ನೋಡಿದೆ. ಸರಿ ಐತಿ."